ತಲೆಯ ಗುಳಿಗೆ, ಕಣ್ಣಿನ ತೊಟ್ಟು

ಕಣ್ಣಿಗೆ ಬಿಡುವ ಔಷಧಿಯನ್ನು ಔಷಧಿಯೆಂದು ಲೆಕ್ಕಕ್ಕೆ ಹಿಡಿಯುವವರು ನಮ್ಮಲ್ಲಿ ವಿರಳ. ಗಂಟಲಿನಿಂದ ಕೆಳಗಿಳಿದದ್ದು ಮಾತ್ರವೇ ಔಷಧಿ. ಮೈಗೆ ಹಚ್ಚಿದ್ದು ಮುಲಾಮು, ಕಣ್ಣಿಗೆ ಬಿಟ್ಟದ್ದು ಬರಿಯ ತೊಟ್ಟು. "ಈಗ ಏನೇನು ಔಷಧಿ ತೆಗೆದುಕೊಳ್ಳುತ್ತಿದ್ದೀರಿ?" ಎಂದು ವೈದ್ಯರು ಕೇಳಿದರೆ ರಕ್ತದೊತ್ತಡದ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ, ಹೋದ ವರ್ಷ ಮದುವೆಯೂಟದ ಮಾರನೆಯ ದಿನ ನುಂಗಿದ ಅಜೀರ್ಣದ ಗುಳಿಗೆ ಎಲ್ಲವೂ ನೆನಪಿಗೆ ಬರುತ್ತವೆ, ದೇವರ ಗೂಡಿನ ಪಕ್ಕದಲ್ಲಿ ನಿಂತಿರುವ ಆ ಪುಟ್ಟ ಶೀಶೆಯೊಂದು ಮಾತ್ರ ಬಾರದು. ಈ ಮರೆವಿನಿಂದ ಒಮ್ಮೊಮ್ಮೆ ಎಂಥ ಪ್ರಮಾದ ಒದಗಬಹುದೆಂಬುದನ್ನು ಈ ವಾರ ವಾಚಕರ ಮುಂದಿಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೂ ಈ ವಿಷಯದಲ್ಲಿ ವ್ಯಾಕರಣದ ಮೇಷ್ಟ್ರಿಗೂ ಒಂದಿಷ್ಟು ಕೆಲಸವುಂಟೆಂಬುದು ಮುಂದೆ ತಿಳಿದೀತು.

ನಮ್ಮ ಕೆಂಪಾಪುರದಲ್ಲಿ, ನಾನಿರುವ ಬೀದಿಯಲ್ಲೇ, ಐವತ್ತು ದಾಟಿದ ಗೃಹಿಣಿಯೊಬ್ಬರಿದ್ದಾರೆ. ಅರೆತಲೆನೋವು ಅವರಿಗೆ ಹಳೆಯ ನೆಂಟ. ಬಂದರೆ ಒಂದು ದಿನ, ಎರಡು ದಿನ ಠಿಕಾಣಿ ಹೂಡುವುದು. ಕೋಣೆಯ ಕಿಟಕಿ ಮುಚ್ಚಬೇಕು. ಒಗ್ಗರಣೆಯ ವಾಸನೆ ಸುಳಿಯಕೂಡದು. ಹೆಬ್ಬಾಳದ ಕಡೆಯಿಂದ ಬರುವ ವಾಹನಗಳ ಹಾರ್ನು ಒಂದೊಂದೂ ತಲೆಗೆ ಮೊಳೆ ಹೊಡೆದಂತೆ. ಇದಕ್ಕಾಗಿ ಕೆಲವು ವರ್ಷಗಳಿಂದ ಪ್ರೊಪ್ರನೊಲಾಲ್ ಎಂಬ ಗುಳಿಗೆ ನಡೆದಿತ್ತು, ಗುಣವೂ ಕಂಡಿತ್ತು. ಹೀಗಿರಲು, ಕನ್ನಡಕ ಬದಲಿಸಲೆಂದು ಹೋದಾಗ ಕಣ್ಣಿನೊಳಗಿನ ಒತ್ತಡ ಏರಿದೆಯೆಂದು ತಿಳಿದುಬಂದು, ಟಿಮೊಲಾಲ್ ಎಂಬ ಔಷಧಿ ಬೆಳಿಗ್ಗೆಯೊಂದು ಸಂಜೆಯೊಂದು ತೊಟ್ಟು ಆರಂಭವಾಯಿತು. ಮೂರನೆಯ ವಾರ, ಬಾಗಿಲಿಗೆ ರಂಗೋಲಿಯಿಟ್ಟು ಮೇಲೇಳುವಾಗ ಕಣ್ಣು ಕತ್ತಲೆಗಟ್ಟಿ ಹೊಸ್ತಿಲ ಬಳಿ ಕುಸಿದುಬಿಟ್ಟರು. ಹಿಂದಿನ ದಿನ ಏಕಾದಶಿ. ಉಪವಾಸದ ನಿಶ್ಶಕ್ತಿಯೆಂದು ಅತ್ತೆಯವರ ತೀರ್ಮಾನ. ಬಿಸಿಲಿನ ಝಳವೆಂದು ಯಜಮಾನರದು, ಬೆಳಗಿನ ಆರು ಗಂಟೆಗೆ! ಬಡಾವಣೆಯ ವೈದ್ಯರು ನಾಡಿ ಹಿಡಿದರು. ನಿಮಿಷಕ್ಕೆ 44.

"ತಲೆನೋವಿನ ಗುಳಿಗೆ ಬಿಟ್ಟು ಬೇರೆ ಏನಾದರೂ ಔಷಧಿ ಇದೆಯೇನಮ್ಮ?"

"ಏನೂ ಇಲ್ಲ ಡಾಕ್ಟ್ರೇ, ಕಣ್ಣಿಗೆ ಎರಡು ತೊಟ್ಟು ಹಾಕ್ಕೊಳ್ಳೋದು ಬಿಟ್ರೆ."

ಆ 'ಬಿಟ್ರೆ' ಎಂಬ ಮಾತಿನಲ್ಲಿಯೇ ರೋಗದ ಮೂಲವಿತ್ತು.

ಎರಡು ಹೆಸರುಗಳನ್ನೂ ಇನ್ನೊಮ್ಮೆ ಓದಿ ನೋಡಿ: ಪ್ರೊಪ್ರನೊಲಾಲ್, ಟಿಮೊಲಾಲ್. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ಗಳನ್ನೂ ಪಕ್ಕದಲ್ಲಿಡಿ. ಹೀರಾಲಾಲ್, ಮೋತಿಲಾಲ್ ಎಂಬ ಅಣ್ಣತಮ್ಮಂದಿರ ಹೆಸರಿನಂತೆ ಕೇಳಿಸುವುದಿಲ್ಲವೆ? ಇದು ಆಕಸ್ಮಿಕವಲ್ಲ. ಔಷಧಿಗಳಿಗೆ ನಾಮಕರಣ ಮಾಡುವ ಪಂಡಿತರು ಒಂದು ಕುಲದವಕ್ಕೆಲ್ಲ ಒಂದೇ ಪ್ರತ್ಯಯವನ್ನು ಹಚ್ಚುವ ನಿಯಮ ಮಾಡಿಕೊಂಡಿದ್ದಾರೆ. ನಮ್ಮ ಕೇಶಿರಾಜನೂ ತಲೆದೂಗುವಂಥ ಏರ್ಪಾಟು. ಈ ಕುಲದ ಹೆಸರು ಬೀಟಾ ಬ್ಲಾಕರ್. ಒಂದನ್ನು ತಲೆಗೆಂದು ನುಂಗಿದರು, ಇನ್ನೊಂದನ್ನು ಕಣ್ಣಿಗೆಂದು ಬಿಟ್ಟುಕೊಂಡರು. ಎರಡೂ ಒಟ್ಟಾಗಿ ಹೃದಯದ ಬಾಗಿಲಲ್ಲಿ ಕುಳಿತವು.

ನಮಗೆ ಭಯವಾದಾಗ, ಕೋಪ ಬಂದಾಗ, ಹೊರಟ ಬಸ್ಸಿನ ಹಿಂದೆ ಓಡುವಾಗ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಉಕ್ಕಿ, ಅವಯವಗಳಲ್ಲಿರುವ ಕೆಲವು ಪೀಠಗಳ ಮೇಲೆ ಕುಳಿತು ಎದೆಬಡಿತವನ್ನೇರಿಸುತ್ತದೆ. ಆ ಪೀಠಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯುಂಟೆಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಪ್ರತಿಪಾದಿಸಿದರು. ರೈಲು ನಿಲ್ಲುವ ಮೊದಲೇ ಕಿಟಕಿಯಿಂದ ಟವಲು ಎಸೆದು ಜಾಗ ಹಿಡಿಯುವವರನ್ನು ನಾವೆಲ್ಲ ಕಂಡಿದ್ದೇವೆ. ಬೀಟಾ ಬ್ಲಾಕರ್ ಮಾಡುವುದೂ ಅದನ್ನೇ. ಪೀಠದ ಮೇಲೆ ಟವಲು ಹಾಸಿಬಿಡುತ್ತದೆ. ಅಡ್ರಿನಲಿನ್ ಬಂದು ನಿಂತೇ ಇರಬೇಕು. ಎದೆನೋವಿನ ರೋಗಿಗಳ ಹೃದಯಕ್ಕೆ ಇಂಥ ವಿಶ್ರಾಂತಿ ದೊರಕಿಸಬೇಕೆಂದು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದ ಮೊದಲ ವರ್ಷಗಳಲ್ಲಿ ಪ್ರೊಪ್ರನೊಲಾಲನ್ನು ರೂಪಿಸಿದರು. 1988ರಲ್ಲಿ ಅವರಿಗೆ ಸಂದ ನೊಬೆಲ್ ಪಾರಿತೋಷಕದ ಹಿಂದೆ ಈ ಕೆಲಸವೂ ಇದೆ.

ತಲೆಗೂ ಕಣ್ಣಿಗೂ ಈ ಔಷಧಿ ಬಂದದ್ದು ಹುಡುಕಿಕೊಂಡು ಹೋಗಿ ಅಲ್ಲ. 1966ರಲ್ಲಿ ಎದೆನೋವಿಗೆಂದು ಗುಳಿಗೆ ಕೊಡುತ್ತಿದ್ದ ವೈದ್ಯರಿಗೆ, ರೋಗಿಯ ಅರೆತಲೆನೋವೂ ತಗ್ಗಿದ್ದು ಕಂಡುಬಂತು. ಮರುವರ್ಷವೇ, ಇದೇ ಔಷಧಿ ಕಣ್ಣಿನ ಒತ್ತಡವನ್ನೂ ಇಳಿಸುವುದೆಂಬ ವರದಿ ಹೊರಬಿತ್ತು. ಆದರೆ ಅದನ್ನು ನೇರವಾಗಿ ಕಣ್ಣಿಗೆ ಬಿಟ್ಟರೆ ಕಣ್ಣಿನ ಮೇಲ್ಪದರ ಮರಗಟ್ಟುತ್ತಿತ್ತು. ಆ ದೋಷವಿಲ್ಲದ ಟಿಮೊಲಾಲ್ ಅಮೆರಿಕದಲ್ಲಿ 1978ರಲ್ಲಿ ಕಣ್ಣಿನ ತೊಟ್ಟಾಗಿ ಮಾನ್ಯತೆ ಪಡೆಯಿತು. ಇನ್ನೂ ಒಂದು ಸೋಜಿಗ: ಆ ದೇಶದಲ್ಲಿ ಟಿಮೊಲಾಲನ್ನು ಗುಳಿಗೆಯಾಗಿ ಅರೆತಲೆನೋವಿನ ತಡೆಗೂ ಅಂಗೀಕರಿಸಿದ್ದಾರೆ. ಎರಡು ಅಂಗಗಳ ರೋಗಕ್ಕೆ ಒಂದೇ ಮದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅರೆತಲೆನೋವು ನಮ್ಮ ಸೀಮೆಗೆ ಅಪರೂಪದ ಅತಿಥಿಯೇನಲ್ಲ. ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ 2,329 ಮಂದಿ ವಯಸ್ಕರನ್ನು ವಿಚಾರಿಸಿ, ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಪಾಶ್ಚಾತ್ಯ ತಜ್ಞರೊಡಗೂಡಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ವರ್ಷವೊಂದರಲ್ಲಿ ಈ ನೋವನ್ನು ಕಂಡವರು ನೂರಕ್ಕೆ 25. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪೇಟೆಯ ಗದ್ದಲವೇ ಕಾರಣವೆಂದು ನಾವು ದೂರುತ್ತೇವೆ. ಸಮೀಕ್ಷೆಯಲ್ಲಿ ಹಳ್ಳಿಗಳೇ ಮುಂದಿವೆ. ಪದದ ವಿಚಾರವೂ ಸ್ವಾರಸ್ಯವಾಗಿದೆ. 'ಮೈಗ್ರೇನ್' ಎಂಬುದರ ಮೂಲ ಗ್ರೀಕ್ ಮಾತಿಗೆ ಅರ್ಧ ತಲೆಬುರುಡೆ ಎಂದರ್ಥ, ಆಯುರ್ವೇದ ಅರ್ಧಾವಭೇದಕವೆಂದಿತು, ನಮ್ಮ ಅಜ್ಜಿಯರು ಅರೆತಲೆನೋವೆಂದರು. ಒಬ್ಬರನ್ನೊಬ್ಬರು ಕೇಳದೆಯೇ ಎಲ್ಲರೂ ತಲೆಯನ್ನು ಸರಿಯಾಗಿ ಎರಡು ಭಾಗ ಮಾಡಿದ್ದಾರೆ!

ಪ್ರೊಪ್ರನೊಲಾಲ್ ನೋವು ಬಂದಾಗ ನುಂಗುವ ಗುಳಿಗೆಯಲ್ಲ, ಬಾರದಂತೆ ದಿನವೂ ನುಂಗುವಂಥದು. ಸಣ್ಣ ಪ್ರಮಾಣದಿಂದ ತೊಡಗಿ ಸಾಮಾನ್ಯವಾಗಿ ದಿನಕ್ಕೆ 80ರಿಂದ 160 ಮಿಲಿಗ್ರಾಂವರೆಗೆ ಏರಿಸುತ್ತಾರೆ. ಫಲ ಕಾಣಲು ಕೆಲವು ವಾರಗಳು ಬೇಕು. ಹತ್ತು ದಿನ ನುಂಗಿ 'ಪ್ರಯೋಜನವಿಲ್ಲ' ಎಂದು ಬಿಸಾಡುವವರೇ ಹೆಚ್ಚು. ತಿಂಗಳಿಗೆ ಎಂಟು ಸಲ ಬರುತ್ತಿದ್ದುದು ನಾಲ್ಕಕ್ಕಿಳಿದರೆ ವೈದ್ಯರು ಗೆದ್ದೆವೆನ್ನುತ್ತಾರೆ. ಅದು ತಲೆನೋವನ್ನು ಹೇಗೆ ತಡೆಯುತ್ತದೆಂಬುದನ್ನು ಶಾಸ್ತ್ರಜ್ಞರು ಇನ್ನೂ ಪೂರ್ತಿಯಾಗಿ ಬಿಡಿಸಿಲ್ಲ.

ಕಣ್ಣಿನ ಸಂಗತಿ ಸ್ಪಷ್ಟವಾಗಿದೆ. ಕಣ್ಣುಗುಡ್ಡೆಯೊಳಗೆ ತಿಳಿನೀರಿನಂಥ ದ್ರವವೊಂದು ಸದಾ ಒಸರುತ್ತದೆ, ಸದಾ ಹರಿದುಹೋಗುತ್ತದೆ. ಒಸರುವುದೂ ಹರಿಯುವುದೂ ಸಮವಾಗಿದ್ದರೆ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರಿನೊಳಗೆ ನಿಲ್ಲುತ್ತದೆ. ಹರಿವು ಕಟ್ಟಿದರೆ ಒತ್ತಡವೇರಿ ದೃಷ್ಟಿಯ ನರ ಸವೆಯುತ್ತದೆ. ಅದೇ ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ, ನೋಟದ ಅಂಚುಗಳು ಮೆಲ್ಲಗೆ ಕರಗುತ್ತವೆ, ಕರಗಿದ್ದು ಮರಳಿ ಬಾರದು. ಟಿಮೊಲಾಲ್ ದ್ರವ ಒಸರುವುದನ್ನೇ ತಗ್ಗಿಸುತ್ತದೆ. ಇಂದು ಬೇರೆ ಬಗೆಯ ತೊಟ್ಟುಗಳು ಮುಂಚೂಣಿಗೆ ಬಂದಿದ್ದರೂ ಬೆಲೆ ಕಡಿಮೆಯಾದ ಇದರ ಬಳಕೆ ನಿಂತಿಲ್ಲ.

ಇಷ್ಟಕ್ಕೂ ಒಂದು ತೊಟ್ಟಿನಲ್ಲಿ ಎಷ್ಟು ಮದ್ದಿದ್ದೀತು? ನೂರಕ್ಕೆ ಅರೆಪಾಲಿನ ದ್ರಾವಣವಾದರೆ ಸುಮಾರು ಕಾಲು ಮಿಲಿಗ್ರಾಂ. ಅಷ್ಟರಿಂದ ನಾಡಿ ಇಳಿಯುವುದೆಂದರೆ ನಂಬುವುದು ಕಷ್ಟ. ಆದರೆ ದಾರಿಯನ್ನು ಗಮನಿಸಿ. ಅತ್ತಾಗ ಮೂಗು ಸೋರುವುದೇಕೆ? ಕಣ್ಣಿನ ಒಳಮೂಲೆಯಿಂದ ಮೂಗಿಗೆ ಸಣ್ಣ ಕಾಲುವೆಯಿದೆ. ತೊಟ್ಟಿನ ಬಹುಪಾಲು ಆ ಕಾಲುವೆಯಲ್ಲಿಳಿದು ಮೂಗಿನೊಳಗಿನ ಪದರದಿಂದ ನೆಟ್ಟಗೆ ರಕ್ತಕ್ಕೆ ಸೇರುತ್ತದೆ. ಹೊಟ್ಟೆಗೆ ಹೋದ ಗುಳಿಗೆಯಾದರೆ ಮೊದಲು ಪಿತ್ತಜನಕಾಂಗದ ಸುಂಕದ ಕಟ್ಟೆಯಲ್ಲಿ ಒಂದು ಪಾಲನ್ನು ಕಳೆದುಕೊಳ್ಳಬೇಕು. ತೊಟ್ಟಿಗೆ ಆ ಸುಂಕವಿಲ್ಲ. ಆದ್ದರಿಂದಲೇ ಉಬ್ಬಸವುಳ್ಳವರಿಗೆ ಕಣ್ಣಿನ ಟಿಮೊಲಾಲ್ ಕೂಡ ಪ್ರಾಣಾಂತಿಕವಾಗಬಲ್ಲುದು. ಉಸಿರಿನ ನಾಳಗಳನ್ನು ತೆರೆದಿಡುವ ಪೀಠಗಳೂ ಬೀಟಾ ಜಾತಿಯವೇ. ಇನ್ಸುಲಿನ್ ಪಡೆಯುವವರಿಗೆ ಬೇರೆ ತೊಡಕು: ಸಕ್ಕರೆ ತೀರ ಇಳಿದಾಗ ಎದೆ ಹೊಡೆದುಕೊಂಡು, ಕೈ ನಡುಗಿ ಕೊಡುವ ಮುನ್ಸೂಚನೆಯನ್ನು ಈ ಕುಲದ ಮದ್ದು ಅಡಗಿಸಬಹುದು.

ನಮ್ಮ ಬೀದಿಯ ಆ ಗೃಹಿಣಿಗೆ ಕಣ್ಣಿನ ವೈದ್ಯರು ಬೇರೆ ಕುಲದ ತೊಟ್ಟನ್ನು ಬರೆದುಕೊಟ್ಟರು, ಗುಳಿಗೆ ಹಾಗೆಯೇ ಮುಂದುವರಿಯಿತು, ನಾಡಿ ಅರವತ್ತರ ಮೇಲೆ ನಿಂತಿತು. ಅವರು ಕುಸಿದ ದಿನವೇ ಯಜಮಾನರು ಗಾಬರಿಯಿಂದ ಗುಳಿಗೆಯ ಪಟ್ಟಿಯನ್ನೇ ಎಸೆಯಹೊರಟಿದ್ದರು. ಅದು ಇನ್ನೊಂದು ಅನಾಹುತವಾಗುತ್ತಿತ್ತು. ಬಹುಕಾಲ ನುಂಗಿದ ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸಿದರೆ, ಅದರಲ್ಲೂ ಹೃದ್ರೋಗವುಳ್ಳವರಲ್ಲಿ, ಎದೆ ಕೆರಳಿ ಅಪಾಯವಾಗುವುದುಂಟು. ಮೇಲಾಗಿ, ನುಂಗುವ ಗುಳಿಗೆಯೂ ಕಣ್ಣಿನ ಒತ್ತಡವನ್ನು ತಗ್ಗಿಸುವುದರಿಂದ, ಅಳೆದು ಕಂಡ ಅಂಕಿ ನಿಜವಾದ ಅಂಕಿಗಿಂತ ಕಡಿಮೆಯಿರಬಹುದು. ಗುಳಿಗೆ ಬಿಟ್ಟ ಮೇಲೆ ಅದು ಏರಿದರೆ ಕಣ್ಣಿನ ವೈದ್ಯರಿಗೆ ಕಾರಣ ಹೊಳೆಯುವುದೆಂತು? ತಲೆಗೆ ಒಂದು ಆಸ್ಪತ್ರೆ, ಕಣ್ಣಿಗೆ ಇನ್ನೊಂದು. ಎರಡು ಕಡತ, ಎರಡು ಚೀಟಿ. ಇವೆರಡನ್ನೂ ಒಂದೆಡೆ ತರಬಲ್ಲ ಮನುಷ್ಯ ರೋಗಿಯೊಬ್ಬನೇ. ಶೀಶೆಯನ್ನೇ ಕೈಚೀಲದಲ್ಲಿಟ್ಟು ಒಯ್ಯುವುದು ಮೇಲು, ಏಕೆಂದರೆ ಈಚೆಗೆ ಟಿಮೊಲಾಲನ್ನು ಬೇರೊಂದು ಮದ್ದಿನೊಡನೆ ಬೆರೆಸಿ ಮಾರುತ್ತಾರೆ. ಮೇಲಿನ ದಪ್ಪಕ್ಷರದ ಹೆಸರಿನಲ್ಲಿ 'ಲಾಲ್' ಕಾಣದು. ಕೆಳಗಿನ ಸಣ್ಣಕ್ಷರದಲ್ಲಿ ಅಡಗಿ ಕುಳಿತಿರುತ್ತದೆ.

ತೊಟ್ಟು ಬಿಟ್ಟ ಕೂಡಲೇ ಕಣ್ಣನ್ನು ಪಟಪಟನೆ ಮಿಟುಕಿಸುವ ಅಭ್ಯಾಸ ಎಲ್ಲರಿಗೂ ಇದೆ; ಮದ್ದನ್ನು ಮೂಗಿಗೆ ತಳ್ಳುವ ಯಂತ್ರವೇ ಅದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲನೆ ಒತ್ತಿ ಹಿಡಿದರೆ ಕಾಲುವೆ ಮುಚ್ಚಿ ಮದ್ದು ಕಣ್ಣಿನಲ್ಲೇ ಉಳಿಯುತ್ತದೆ. ಎರಡು ಬಗೆಯ ತೊಟ್ಟುಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು.

ಒಂದು ಮಾತು ಉಳಿದಿದೆ. ಗ್ಲಾಕೋಮಾದಲ್ಲಿ ಇನ್ನೊಂದು ಬಗೆಯಿದೆ; ಅದು ಅರೆತಲೆನೋವಿನ ವೇಷ ತೊಟ್ಟು ಬರುತ್ತದೆ. ಕಣ್ಣಿನ ಹರಿವು ಒಮ್ಮೆಲೇ ಮುಚ್ಚಿಹೋಗಿ ಅರ್ಧ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಮನೆಯವರು 'ಮಾಮೂಲಿನ ತಲೆನೋವು' ಎಂದು ಕೋಣೆಯ ದೀಪವಾರಿಸಿ ಬಾಗಿಲೆಳೆದುಕೊಳ್ಳುತ್ತಾರೆ. ಅರೆತಲೆನೋವಿಗೆ ಕೊಡುವ ಟೋಪಿರಾಮೇಟ್ ಎಂಬ ಬೇರೊಂದು ಗುಳಿಗೆಯೂ ಕೆಲವರಲ್ಲಿ, ಶುರುಮಾಡಿದ ಮೊದಲ ವಾರಗಳಲ್ಲಿ, ಇಂಥದನ್ನು ತಂದೊಡ್ಡುವುದುಂಟು. ಆದ್ದರಿಂದ ದೀಪವಾರಿಸುವ ಮುನ್ನ ಕಣ್ಣನ್ನೊಮ್ಮೆ ನೋಡಬೇಕು. ಕಣ್ಣು ಕೆಂಪಾಗಿ, ನೋಟ ಮಂಜಾಗಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಾಣುತ್ತದೆಯೆಂದು ರೋಗಿ ಹೇಳಿದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಕಣ್ಣಾಸ್ಪತ್ರೆಗೆ ಕರೆದೊಯ್ಯಬೇಕು. ಕೆಲವೇ ಗಂಟೆಗಳಲ್ಲಿ ದೃಷ್ಟಿಗೆ ಮರಳಿ ಸರಿಪಡಿಸಲಾಗದ ಹಾನಿ ತಟ್ಟಬಹುದು.