ತಳಿಗಿಂತ ಮಾಲಕರ ಹೊಣೆಯೇ ಮುಖ್ಯ

ಮುಂಬಯಿ: ಪಿಟ್‌ಬುಲ್, ರಾಟ್‌ವೀಲರ್ ಸಹಿತ 23 ತಳಿಗಳ ನಾಯಿ ಸಾಕಣೆಗೆ ತಡೆಯೊಡ್ಡಲು ಕೇಂದ್ರ ಸರಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಎಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಗೊಳಿಸಿತು. ಆದರೆ ಮಾಲಕರ ಹೊಣೆ ರದ್ದಾಗಿಲ್ಲ. ಮರುತಿಂಗಳೇ ಚೆನ್ನೈಯ ಉದ್ಯಾನವೊಂದರಲ್ಲಿ ಎರಡು ರಾಟ್‌ವೀಲರ್‌ಗಳು 5 ವರ್ಷದ ಬಾಲಕಿಯ ಮೇಲೆರಗಿ ತೀವ್ರವಾಗಿ ಗಾಯಗೊಳಿಸಿದವು.

ಸಾಕುಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಅಪಾಯ ತಂದೊಡ್ಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಸಜೆ, 5,000 ರೂ. ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಮುಂಬಯಿಯಲ್ಲಿ 2010ರಲ್ಲಿ ರಾಟ್‌ವೀಲರ್ ಕಚ್ಚಿದ ಪ್ರಕರಣದ ಮಾಲಕನಿಗೆ 3 ತಿಂಗಳ ಶಿಕ್ಷೆಯಾದುದು 2023ರಲ್ಲಿ! ಹೀಗಿರುವಾಗ ಕಾನೂನನ್ನಷ್ಟೇ ನೆಚ್ಚಿ ಕೂರುವಂತಿಲ್ಲ. ಲಿಫ್ಟ್, ಅಂಗಳ ಎಲ್ಲರದಾಗಿರುವ ಹೌಸಿಂಗ್ ಸೊಸೈಟಿಗಳಲ್ಲಿ ಗಟ್ಟಿ ಸರಪಳಿ, ಮೂತಿಗೆ ಕುಕ್ಕೆ, ಮರಿಯಿಂದಲೇ ತರಬೇತಿ ಬೇಕು. ನಾಯಿ ಎಳೆದಾಗ ಹಿಡಿದು ನಿಲ್ಲಿಸಬಲ್ಲವರು ಮನೆಯಲ್ಲಿಲ್ಲದಿದ್ದರೆ ಅಂಥ ತಳಿಯನ್ನು ತಾರದಿರುವುದೇ ಲೇಸು.