ಗೊಂಬೆಯಾಟವೆಂದು ಮೂಗು ಮುರಿಯುವವರಿಗೆ

ಮೊನ್ನೆ ಭಾನುವಾರ ನಮ್ಮ ಮನೆಗೆ ಹಿರಿಯರೊಬ್ಬರು ದಯಮಾಡಿಸಿದ್ದರು. ನಮ್ಮ ತಂದೆಯವರ ಕಾಲದಿಂದ ಪರಿಚಿತರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಾಲ್ಕು ಅಕ್ಷರ ಓದಿಕೊಂಡವರು. ನಾನು ಕಿಟಕಿಯ ಬಳಿ ಮೇಜಿನ ಮುಂದೆ ಕುಳಿತು, ಕಿರುಬೆರಳಿನ ಉಗುರಿನಷ್ಟಿರುವ ಪ್ಲಾಸ್ಟಿಕ್ಕಿನ ಚಕ್ರವೊಂದಕ್ಕೆ ಅರ ಹಾಕುತ್ತಿದ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ ನೋಡಿದರು. “ಏನಯ್ಯಾ, ಮಗನಿಗೆ ಮದುವೆ ಮಾಡುವ ವಯಸ್ಸಾಯಿತು, ಇನ್ನೂ ಈ ಗೊಂಬೆಯಾಟ ಬಿಟ್ಟಿಲ್ಲವೇ?” ಎಂದರು. ನಾನು ನಕ್ಕೆ. ಅವರೂ ನಕ್ಕರು. ಕಾಫಿ ಬಂತು, ಮಾತು ಬೇರೆ ಕಡೆಗೆ ಹೊರಳಿತು. ಎದುರಿಗಿದ್ದವರು ಗೇಟು ದಾಟಿ ಹೋದ ಮೇಲೆ ಉತ್ತರ ಹೊಳೆಯುವುದು ನನ್ನ ಹಳೆಯ ರೋಗ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರೊಬ್ಬರಿಗೇ ಎಂದಲ್ಲ, ಅವರ ಮತದವರು ನಮ್ಮ ನಗರದಲ್ಲಿ ಬೀದಿಗೆ ಹತ್ತು ಮಂದಿ ಇದ್ದಾರೆ.

ಮೊದಲು, ತಿಳಿಯದವರಿಗಾಗಿ ಎರಡು ಮಾತು. ಪೆಟ್ಟಿಗೆಯೊಂದನ್ನು ಕೊಂಡು ತಂದರೆ ಅದರೊಳಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿರುತ್ತವೆ. ಬಳ್ಳಿಗೆ ಕಾಯಿ ಕಚ್ಚಿಕೊಂಡಂತೆ ಅವುಗಳಲ್ಲಿ ಹತ್ತಾರೋ ನೂರಾರೋ ಬಿಡಿಭಾಗಗಳು. ಅವನ್ನು ಕತ್ತರಿಸಿ, ಅರ ಹಾಕಿ, ಜೋಡಿಸಿ, ಸಂದು ಮುಚ್ಚಿ, ಬಣ್ಣ ಬಳಿದರೆ ಒಂದು ವಿಮಾನವೋ ಹಡಗೋ ಲಾರಿಯೋ ತನ್ನ ಅಳತೆಗೆ ತಕ್ಕಂತೆ ಕುಗ್ಗಿ ನಿಮ್ಮ ಅಂಗೈಗೆ ಬರುತ್ತದೆ. ಜೋಡಿಸಲು ಬಳಸುವುದು ಗೋಂದಲ್ಲ. ಆ ದ್ರವ ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡುಗಳನ್ನು ಒಂದಾಗಿಸುತ್ತದೆ. ಕಮ್ಮಾರನ ಬೆಸುಗೆಗೆ ಇದು ದೂರದ ತಮ್ಮ. ಮಾಡಿದ ವಸ್ತುವನ್ನು ಬರಿದೆ ನಿಲ್ಲಿಸದೆ ಅದರ ಸುತ್ತ ನೆಲ, ಮರ, ಗೋಡೆ, ಮನುಷ್ಯರನ್ನು ಕೂಡಿಸಿ ಒಂದು ಗಳಿಗೆಯ ದೃಶ್ಯವನ್ನು ಕಟ್ಟಿದರೆ ಅದಕ್ಕೆ ಡಯೋರಾಮ ಎಂದು ಹೆಸರು. ೧೮೨೨ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಮತ್ತು ಬೂಟೋನ್ ಎಂಬಿಬ್ಬರು ಭಾರಿ ಪರದೆಗಳ ಮೇಲೆ ಚಿತ್ರ ಬರೆದು, ಬೆಳಕನ್ನು ಬದಲಿಸುತ್ತ, ಹಗಲನ್ನು ಇರುಳಾಗಿಸಿ ಜನರಿಗೆ ತೋರಿಸಿದಾಗ ಹುಟ್ಟಿದ ಪದ ಇದು. ಛಾಯಾಚಿತ್ರಕ್ಕೆ ತಂದೆಯೆನಿಸಿದ ಡಾಗೇರ್ ಆತನೇ.

ಪ್ಲಾಸ್ಟಿಕ್ಕಿನ ಕಥೆ ಇತ್ತೀಚಿನದು. ೧೯೩೬ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾಗ್ ಪೆಂಗ್ವಿನ್ ಎಂಬ ಹೆಸರಿನ ಪೆಟ್ಟಿಗೆಗಳು ಬಂದವು. ಬಾಚಣಿಗೆ ಮಾಡುತ್ತಿದ್ದ ಏರ್‌ಫಿಕ್ಸ್ ಕಂಪನಿ ೧೯೫೨ರಲ್ಲಿ ‘ಗೋಲ್ಡನ್ ಹೈಂಡ್’ ಎಂಬ ಪುಟ್ಟ ಹಡಗನ್ನು ಅಂಗಡಿಗೆ ಬಿಟ್ಟಿತು. ಜಪಾನಿನ ಶಿಜುವೊಕಾದಲ್ಲಿ ಮರದ ವ್ಯಾಪಾರದಿಂದ ಆರಂಭಿಸಿದ ತಮಿಯಾ ಸಂಸ್ಥೆ ೧೯೬೦ರಲ್ಲಿ ಪ್ಲಾಸ್ಟಿಕ್ಕಿಗೆ ಕೈಹಾಕಿತು. ಇಂದು ಟ್ಯಾಂಕುಗಳನ್ನು ಮೂವತ್ತೈದರಲ್ಲಿ ಒಂದು ಪಾಲಿಗೆ ಕುಗ್ಗಿಸುವುದು ಲೋಕರೂಢಿ. ಇದರ ಹಿಂದೆ ಏನೋ ಗಣಿತರಹಸ್ಯ ಇರಬೇಕೆಂದು ನಾನು ಬಹುಕಾಲ ನಂಬಿದ್ದೆ. ತಮಿಯಾದವರು ತಮ್ಮ ಮೊದಲ ಟ್ಯಾಂಕಿನ ಹೊಟ್ಟೆಯಲ್ಲಿ ಮೋಟಾರು, ಬ್ಯಾಟರಿ ಹಿಡಿಸಬೇಕೆಂದು ಗಾತ್ರ ಗೊತ್ತುಮಾಡಿದರಂತೆ. ಬಳಿಕ ಅಳೆದು ನೋಡಿದರೆ ಮೂವತ್ತೈದು ಬಂತಂತೆ. ಎಷ್ಟೋ ಶಾಸ್ತ್ರಗಳ ಮೂಲ ಹೀಗೆಯೇ ಇರಬಹುದು.

ಈಗ ಆಪಾದನೆಗೆ ಬರೋಣ. ಗೊಂಬೆಯಾಟವೆಂದು ನಕ್ಕ ಆ ಹಿರಿಯರ ಮನೆಯಲ್ಲಿ ಪ್ರತಿ ನವರಾತ್ರಿಯೂ ಗೊಂಬೆ ಕೂರಿಸುತ್ತಾರೆ. ನಾನೇ ಕಣ್ಣಾರೆ ಕಂಡಿದ್ದೇನೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು. ಕೆಳಗೆ ನೆಲದ ಮೇಲೆ ಒಂದು ಊರು. ತಟ್ಟೆಯಲ್ಲಿ ರಾಗಿ ಮೊಳೆಯಿಸಿ ಹೊಲ, ಮುಖ ನೋಡುವ ಕನ್ನಡಿಯನ್ನು ಮಲಗಿಸಿ ಕೆರೆ, ಕೆರೆಯ ದಂಡೆಗೆ ಮರಳು, ಮರಳಿನ ಮೇಲೆ ಚನ್ನಪಟ್ಟಣದ ಎತ್ತಿನ ಗಾಡಿ. ಆ ವರ್ಷ ಗಾಡಿ ಕೆರೆಗೆ ತೀರ ಹತ್ತಿರವಾಯಿತೆಂದು ಮನೆಯ ಯಜಮಾನಿ ಮೂರು ಸಲ ಸರಿಸಿ ಇಟ್ಟರು. ಅದು ಡಯೋರಾಮ ಅಲ್ಲದೆ ಮತ್ತೇನು, ಸ್ವಾಮಿ? ಹೆಂಗಸರು ಒಂಬತ್ತು ದಿನ ಮಾಡಿದರೆ ಸಂಪ್ರದಾಯ; ಗಂಡಸೊಬ್ಬ ವರ್ಷವಿಡೀ ಮಾಡಿದರೆ ಹುಡುಗಾಟ! ನಿಜ ಹೇಳಬೇಕೆಂದರೆ ನಮ್ಮ ಹಿರಿಯರು ಆ ತಾಯಂದಿರ ಕೆಲಸವನ್ನೂ ಗಂಭೀರವಾಗಿ ಕಂಡವರಲ್ಲ. ಆರತಿಯ ಹೊತ್ತಿಗೆ ಬಂದು ಕೋಸಂಬರಿ ತಿಂದು ಹೋದವರು.

ಮೂಗು ಮುರಿಯುವುದಕ್ಕೆ ನಿಜವಾದ ಕಾರಣ ಆಟಿಕೆಯಲ್ಲ ಎಂದು ನನ್ನ ಅನುಮಾನ. ಕೈ ಕೊಳೆಯಾಗುವ ಕೆಲಸವೆಂದರೆ ನಮ್ಮ ಮಧ್ಯಮ ವರ್ಗಕ್ಕೆ ಒಳಗೊಳಗೇ ಇರುವ ತಾತ್ಸಾರವೇ ಅದರ ಬೇರು. ಅದೇ ಹಿರಿಯರು ಸಂಜೆ ಮೂರು ಗಂಟೆ ಟೆಲಿವಿಷನ್ನಿನ ಮುಂದೆ ಕುಳಿತರೆ ಯಾರೂ ಏನೂ ಅನ್ನುವುದಿಲ್ಲ. ಪದಬಂಧ ಬಿಡಿಸಿದರೆ ಬುದ್ಧಿವಂತಿಕೆ, ಇಸ್ಪೀಟು ಆಡಿದರೆ ಕಾಲಕ್ಷೇಪ. ಅರ, ಗರಗಸ, ಚಿಮುಟ ಹಿಡಿದರೆ ಮಾತ್ರ “ಇದೆಲ್ಲ ನಿನಗೇಕೆ?” ಎಂಬ ಪ್ರಶ್ನೆ. ಕೊಳಾಯಿ ಸೋರಿದರೆ ಒಬ್ಬನನ್ನು ಕರೆಯಬೇಕು, ಸ್ವಿಚ್ಚು ಕೆಟ್ಟರೆ ಇನ್ನೊಬ್ಬನನ್ನು. ಬಂದವನ ಹೆಸರು ಕೇಳುವ ಗೋಜಿಗೂ ನಾವು ಹೋಗುವುದಿಲ್ಲ. ಇದನ್ನು ನಾನು ಇನ್ನೊಬ್ಬರ ಮೇಲೆ ಹೊರಿಸುತ್ತಿಲ್ಲ. ನಾನೂ ಹಾಗೆಯೇ ಇದ್ದೆ.

ನನ್ನ ಕಣ್ಣು ತೆರೆಸಿದ್ದು ಒಂದು ನ್ಯಾಟ್ ವಿಮಾನ. ೧೯೬೫ರ ಯುದ್ಧದಲ್ಲಿ ಸೇಬರ್ ವಿಮಾನಗಳನ್ನು ಎದುರಿಸಿ ಹೆಸರು ಮಾಡಿದ ಆ ಪುಟ್ಟ ಫೈಟರನ್ನು ಇಂಗ್ಲೆಂಡಿನ ಫಾಲೆಂಡ್ ಕಂಪನಿಯ ಪರವಾನಗಿಯ ಮೇಲೆ ನಮ್ಮ ಬೆಂಗಳೂರಿನಲ್ಲೇ ತಯಾರಿಸಿದರು. ಲಂಡನ್ನಿನಿಂದ ಬಂದ ಬಂಧುವೊಬ್ಬರು ಏರ್‌ಫಿಕ್ಸ್ ನ್ಯಾಟ್ ಪೆಟ್ಟಿಗೆ ತಂದುಕೊಟ್ಟಾಗ ನನಗೆ ಸ್ವರ್ಗ ಮೂರೇ ಗೇಣು. ಎರಡು ವಾರ ಕುಳಿತು ಕಟ್ಟಿ, ಪೆಟ್ಟಿಗೆಯ ಮೇಲಿದ್ದ ಕೆಂಪನ್ನು ಬಿಟ್ಟು ಬೆಳ್ಳಿಯ ಬಣ್ಣ ಬಳಿದು, ನಮ್ಮ ವಾಯುಪಡೆಯ ತ್ರಿವರ್ಣದ ಚಕ್ರ ಅಂಟಿಸಿದೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಯಜಮಾನರೊಬ್ಬರಿದ್ದರು. ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು ಎಂದಷ್ಟೇ ಗೊತ್ತಿತ್ತು. ಹೊಗಳಿಸಿಕೊಳ್ಳುವ ಆಸೆಯಿಂದ ವಿಮಾನವನ್ನು ಅಂಗೈಯಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ.

ಅವರು ಅದನ್ನು ಮೂಗಿನಿಂದ ಬಾಲದವರೆಗೆ ಹೆಬ್ಬೆರಳಿನಿಂದ ಸವರಿದರು. “ಬಣ್ಣ ಚೆನ್ನಾಗಿ ಕೂತಿದೆ ಸ್ವಾಮಿ. ಆದ್ರೆ ಇದು ನಾವು ಮಾಡಿದ್ದಲ್ಲ” ಎಂದರು. “ಇದ್ರಲ್ಲಿ ಇಬ್ಬರು ಕೂತ್ಕೋತಾರೆ. ನಮ್ದು ಒಬ್ಬಂದೇ. ರೆಕ್ಕೇನೂ ಇಷ್ಟಿಲ್ಲ.”

ಅವರ ಮಾತು ಅಕ್ಷರಶಃ ಸತ್ಯ. ಪೆಟ್ಟಿಗೆಯಲ್ಲಿದ್ದುದು ಇಂಗ್ಲೆಂಡಿನವರು ತರಬೇತಿಗೆಂದು ಉದ್ದಮಾಡಿದ, ಎರಡು ಆಸನದ ನ್ಯಾಟ್. ರೆಡ್ ಆ್ಯರೋಸ್ ತಂಡದವರು ಪ್ರದರ್ಶನದಲ್ಲಿ ಹಾರಿಸುತ್ತಿದ್ದುದು. ನಮ್ಮ ಒಂಟಿ ಆಸನದ ವಿಮಾನದ ಉದ್ದ ಸುಮಾರು ೮.೭ ಮೀಟರು, ಅದರ ಉದ್ದ ೯.೬. ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ವ್ಯತ್ಯಾಸ ಹನ್ನೆರಡು ಹದಿಮೂರು ಮಿಲಿಮೀಟರು. ಎರಡು ವಾರ ಆ ವಸ್ತುವನ್ನು ಕೈಯಲ್ಲಿ ಹಿಡಿದಿದ್ದ ನನಗೆ ಕಾಣದ ಹನ್ನೆರಡು ಮಿಲಿಮೀಟರು ಆ ಮುದುಕರ ಹೆಬ್ಬೆರಳಿಗೆ ಕಂಡಿತು! ಮೂವತ್ತು ವರ್ಷ ಒಂದೇ ಬೀದಿಯಲ್ಲಿದ್ದು ಅವರ ಜೊತೆ ಹತ್ತು ನಿಮಿಷ ಕುಳಿತು ಮಾತನಾಡದಿದ್ದ ನನ್ನ ಬಗ್ಗೆ ಅಂದು ನಾಚಿಕೆಯಾಯಿತು.

ಮರುವಾರದಿಂದ ಅವರು ನನ್ನ ಮೇಜಿನ ಬಳಿ ಬಂದು ಕೂರತೊಡಗಿದರು. ಇನ್ನೊಂದು ಪೆಟ್ಟಿಗೆ ತರಿಸಿ ಅದರ ಒಡಲನ್ನು ಗರಗಸದಿಂದ ಕೊಯ್ದು, ಗಿಡ್ಡಮಾಡಿ, ರೆಕ್ಕೆ ಕತ್ತರಿಸಿ, ಚಾಲಕನ ಗಾಜಿನ ಕವಚವನ್ನು ಹೊಸದಾಗಿ ಮಾಡಿದೆ. ಮೂರು ತಿಂಗಳು ಹಿಡಿಯಿತು. ನಾನು ಅರವನ್ನು ಹಿಂದಕ್ಕೂ ಮುಂದಕ್ಕೂ ತಿಕ್ಕುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. “ತಳ್ಳೋವಾಗ ಒತ್ತಿ, ಹಿಂದಕ್ಕೆ ತರೋವಾಗ ಎತ್ತಿ ಸ್ವಾಮಿ. ಅರದ ಹಲ್ಲು ಒಂದೇ ಕಡೆಗೆ ಕಚ್ಚೋದು.” ಐವತ್ತು ದಾಟಿದ ಮೇಲೆ ಕಲಿತ ಪಾಠ. ಪದವಿ ಪತ್ರಗಳು ಎರಡು ನನ್ನ ಗೋಡೆಯ ಮೇಲಿವೆ. ಅರ ಹಿಡಿಯುವುದನ್ನು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದೀಚೆಗೆ ನಾನು ನೋಡುವ ರೀತಿಯೇ ಬದಲಾಯಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತ್ ವಿಮಾನ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ರೂಪಿಸಿ, ೧೯೬೧ರ ಜೂನ್ ೧೭ರಂದು ಮೊದಲು ಹಾರಿದ ವಿಮಾನ. ಅದರ ಮುಂದೆ ಎಷ್ಟು ಸಲ ಹಾದುಹೋಗಿದ್ದೆನೋ! ಅದನ್ನು ಕಟ್ಟಬೇಕೆಂದು ಪೆನ್ಸಿಲು ಹಿಡಿದು ನಿಂತ ದಿನ ಮಾತ್ರ, ರೆಕ್ಕೆ ಸೇರುವ ಜಾಗದಲ್ಲಿ ಅದರ ಒಡಲು ಸೊಂಟದಂತೆ ಸಣ್ಣಗಾಗಿರುವುದು ಕಣ್ಣಿಗೆ ಬಿತ್ತು. ಶಬ್ದದ ವೇಗವನ್ನು ಸಮೀಪಿಸುವಾಗ ಗಾಳಿಯ ತಡೆ ಒಮ್ಮೆಲೇ ಏರದಿರಲೆಂದು, ರೆಕ್ಕೆ ಸೇರಿ ಗಾತ್ರ ಹೆಚ್ಚುವಲ್ಲಿ ಒಡಲನ್ನು ಅಷ್ಟು ತಗ್ಗಿಸುತ್ತಾರಂತೆ. ಈಗ ಬಸ್ ನಿಲ್ದಾಣದಲ್ಲಿಯೂ ನನಗೆ ಹೊತ್ತು ಹೋಗುತ್ತದೆ. ಬಾಗಿಲ ಹಿಡಿಯ ಬಳಿ ಬಣ್ಣ ಸವೆದು ಲೋಹ ಹೊಳೆಯುವ ಬಗೆ, ಬೋಲ್ಟಿನ ಕೆಳಗೆ ತುಕ್ಕು ಕಣ್ಣೀರಿನಂತೆ ಇಳಿದ ಗೆರೆ, ಕೆಸರು ಒಣಗಿದಾಗ ಅಂಚಿನಲ್ಲಿ ಬಿಳಿಚಿಕೊಳ್ಳುವುದು, ಎಲ್ಲವನ್ನೂ ನೋಡುತ್ತೇನೆ. ಮರಳು ಉದುರಿಸಿದರೆ ನೆಲವಾಯಿತೆಂದುಕೊಂಡಿದ್ದೆ. ಮೂವತ್ತೈದರ ಅಳತೆಯಲ್ಲಿ ಎರಡು ಮಿಲಿಮೀಟರಿನ ಹರಳು ಏಳು ಸೆಂಟಿಮೀಟರಿನ ಕಲ್ಲು. ನನ್ನ ಹಳ್ಳಿಯ ದಾರಿ ಕಲ್ಲುಗಣಿಯಾಗಿ ಕುಳಿತಿತ್ತು. ಕೋಲಾರದ ಕೆಮ್ಮಣ್ಣನ್ನು ಹಳೆಯ ಪಂಚೆಯಲ್ಲಿ ಜರಡಿ ಹಿಡಿದ ಮೇಲೆ ಸರಿಹೋಯಿತು. (ಪಂಚೆಯ ವಿಚಾರದಲ್ಲಿ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ.)

ಇದು ಬರಿಯ ನನ್ನ ಸಂತೋಷಕ್ಕೆ ಕಟ್ಟಿಕೊಂಡ ವಾದವೆಂದು ಯಾರಾದರೂ ಅಂದಾರು. ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಮಹಿಳೆ ೧೯೪೦ರ ದಶಕದಲ್ಲಿ ಅಡಿಗೆ ಒಂದು ಅಂಗುಲದ ಅಳತೆಯಲ್ಲಿ ಸಾವಿನ ಮನೆಗಳನ್ನು ಕಟ್ಟಿದಳು. ಅಡಿಗೆಮನೆ, ಮಲಗುವ ಕೋಣೆ, ಕೊಟ್ಟಿಗೆ. ಒಂದೊಂದರಲ್ಲೂ ಅನುಮಾನಾಸ್ಪದವಾಗಿ ಸತ್ತ ಒಂದು ಗೊಂಬೆ. ಗೊಂಬೆಯ ಕಾಲುಚೀಲವನ್ನು ಗುಂಡುಸೂಜಿಗಳಿಂದ ತಾನೇ ಹೆಣೆದಳಂತೆ. ಪೊಲೀಸ್ ಪತ್ತೇದಾರರು ಅವುಗಳ ಮುಂದೆ ನಿಂತು ಕಣ್ಣಾಡಿಸಿ, ಏನು ಕಂಡಿತು, ಏನು ತಪ್ಪಿತು ಎಂದು ಹೇಳಬೇಕಾಗಿತ್ತು. ಬಾಲ್ಟಿಮೋರ್ ನಗರದಲ್ಲಿ ಇಂದಿಗೂ ಅವುಗಳಿಂದ ಪಾಠ ಹೇಳುತ್ತಾರೆ. ಗೊಂಬೆಯಾಟವೇ ಅದು, ಅಪರಾಧ ಪತ್ತೆ ಮಾಡುವವರಿಗೆ ಬೇಕಾದ ಗೊಂಬೆಯಾಟ.

ದುಂದುವೆಚ್ಚವೆಂಬ ದೂರಿದೆ. ದೊಡ್ಡ ಪೆಟ್ಟಿಗೆಗಳು ದುಬಾರಿ, ಒಪ್ಪಿದೆ. ಆದರೆ ಇಬ್ಬರು ಮಾಲಿನಲ್ಲಿ ಸಿನಿಮಾ ನೋಡಿ, ತಿಂಡಿ ತಿಂದು, ಆಟೋದಲ್ಲಿ ಮನೆಗೆ ಬರುವ ಹಣಕ್ಕೆ ಒಂದು ಸಣ್ಣ ವಿಮಾನದ ಪೆಟ್ಟಿಗೆ ಬರುತ್ತದೆ. ಸಿನಿಮಾ ಮೂರು ಗಂಟೆ. ಇದು ಒಂದು ತಿಂಗಳ ಸಂಜೆಗಳು.

ಇನ್ನೊಂದು ದೂರು ಇಷ್ಟು ಸುಲಭದ್ದಲ್ಲ. ಈ ಪೆಟ್ಟಿಗೆಗಳಲ್ಲಿ ಬಹುಪಾಲು ಕೊಲ್ಲುವ ಯಂತ್ರಗಳೇ. ಹಿಟ್ಲರನ ಸೇನೆಯ ಟ್ಯಾಂಕುಗಳನ್ನು ಮುತ್ತು ಪೋಣಿಸಿದಂತೆ ಸಾಲಾಗಿ ಇಟ್ಟು, ಅವುಗಳ ಗುಣಗಾನ ಮಾಡುವ ಹವ್ಯಾಸಿಗಳನ್ನು ಕಂಡಿದ್ದೇನೆ. ಅವರು ಟ್ಯಾಂಕಿನ ಒಂದೊಂದು ಮೊಳೆಯನ್ನೂ ಎಣಿಸಬಲ್ಲರು. ಅದರ ಚಕ್ರದಡಿ ಸಿಕ್ಕವರ ಲೆಕ್ಕ ಕೇಳಿದರೆ ಮೌನ. ಅಲ್ಲಿ ನನ್ನ ವಕಾಲತ್ತು ನಿಲ್ಲುತ್ತದೆ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಕೊಂಡು ಮಂಚದ ಕೆಳಗೆ ತುಂಬಿ, ಒಂದನ್ನೂ ಕಟ್ಟದವರದೂ ಇನ್ನೊಂದು ಪಂಗಡ. ಅವರಿಗೆ ಬೇಕಾದದ್ದು ಕೈಗೆಲಸವಲ್ಲ, ಆಸ್ತಿ. (ನನ್ನ ಮಂಚದ ಕೆಳಗೂ ಹನ್ನೊಂದಿವೆ.) ಅಮೆರಿಕದ ಷೆಪರ್ಡ್ ಪೇನ್ ಡಯೋರಾಮ ಕಟ್ಟುವ ಬಗೆಯ ಮೇಲೆ ೧೯೮೦ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅಂಥವರ ಕೆಲಸ ನೋಡಿ ನಾನು ಕಲಿತದ್ದು, ಯಂತ್ರಕ್ಕಿಂತ ಅದರ ಪಕ್ಕದಲ್ಲಿ ನಿಂತ ಮನುಷ್ಯ ಮುಖ್ಯ ಎಂಬುದನ್ನು. ಅವನು ಏನು ಮಾಡುತ್ತಿದ್ದಾನೆಂಬುದು ತೋರದಿದ್ದರೆ ಉಳಿದುದೆಲ್ಲ ಅಂಗಡಿಯ ಗಾಜಿನ ಕಪಾಟು.

ನ್ಯಾಟ್ ಮುಗಿದ ಮೇಲೆ ಅದಕ್ಕೊಂದು ಅಂಗಳ ಮಾಡಿದೆ. ಶೆಡ್ಡಿನ ಬಾಗಿಲು, ಏಣಿ, ಸಂಜೆ ಕೆಲಸ ಬಿಟ್ಟು ಹೊರಟ ಆರು ಜನ. ಎರಡೂವರೆ ಸೆಂಟಿಮೀಟರು ಎತ್ತರದ ಆ ಜನರ ಕೈಗೆ ಅಕ್ಕಿಕಾಳಿಗಿಂತ ಚಿಕ್ಕ ಊಟದ ಕ್ಯಾರಿಯರನ್ನೂ ಕೊಟ್ಟಿದ್ದೆ. ಯಜಮಾನರು ಬಹಳ ಹೊತ್ತು ಬಗ್ಗಿ ನೋಡಿದರು. ಆಗಲೇ ಅವರಿಗೆ ಉಸಿರಾಟದ ತೊಂದರೆ ಶುರುವಾಗಿತ್ತು. “ಎಲ್ಲ ಸರಿ ಇದೆ. ಸೈಕಲ್ ಎಲ್ಲಿ?” ಎಂದರು. “ನಾವೆಲ್ಲ ಸೈಕಲ್ನಾಗೆ ತಾನೆ ಹೋಗ್ತಿದ್ದದ್ದು? ನಡ್ಕೊಂಡು ಎಲ್ಲಿಗೆ ಹೋಗ್ತಾರೆ ಇವ್ರು?”

ಆ ವರ್ಷದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಮೊನ್ನೆ ಹಿರಿಯರು ಬಂದಾಗ ನಾನು ಅರ ಹಾಕುತ್ತಿದ್ದುದು ಆ ಸೈಕಲ್ಲಿನ ಚಕ್ರಕ್ಕೆ. ಅಡ್ಡಳತೆ ಒಂದು ಸೆಂಟಿಮೀಟರು. ಅದರ ಕಡ್ಡಿಗಳು ಲೆಕ್ಕದ ಪ್ರಕಾರ ತಲೆಗೂದಲಿಗಿಂತ ತೆಳ್ಳಗಿರಬೇಕು. ಪ್ಲಾಸ್ಟಿಕ್ಕನ್ನು ದೀಪದ ಮೇಲೆ ಕಾಯಿಸಿ ಎಳೆದರೆ ಎಳೆ ಬರುತ್ತದೆ, ಆದರೆ ಬಿಗಿಯುವಾಗ ತುಂಡಾಗುತ್ತದೆ. ಇದುವರೆಗೆ ಎರಡು ಸೈಕಲ್ಲಾಗಿದೆ. ಇನ್ನು ನಾಲ್ಕು ಆಗಬೇಕು.