ಕಾಯಬೇಕಾದವರು ಯಾರು?



ಹಳೆಯ ವಿದ್ಯಾರ್ಥಿಗಳ ವಿಳಾಸ ಹುಡುಕಲೆಂದು ನನ್ನ ಶಿಷ್ಯನೊಬ್ಬ ಪುಟವೊಂದನ್ನು ರಚಿಸಿಕೊಟ್ಟಿದ್ದಾನೆ. ಅವನ ಶ್ರಮಕ್ಕೆ ನಾನು ಋಣಿ. ಆದರೆ ಕಳೆದ ವಾರ ಮಲೆನಾಡಿನಲ್ಲಿರುವ ನನ್ನ ಅಕ್ಕ ಅದರಲ್ಲಿ ಒಂದು ಹೆಸರನ್ನು ಒತ್ತಿದೊಡನೆ ಪುಟ ಕಲ್ಲಾಯಿತು. ಮೇಲಕ್ಕೂ ಸರಿಯದು, ಕೆಳಕ್ಕೂ ಸರಿಯದು. "ಏನೋ ಕೆಡಿಸಿಬಿಟ್ಟೆ ಕಣೋ" ಎಂದು ಅಳುದನಿಯಲ್ಲಿ ಫೋನು ಮಾಡಿದಳು.

ಕೆಡಿಸಿದ್ದು ಅವಳಲ್ಲ. ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್‌ನ 'ಓಪನ್' ಆಜ್ಞೆಯ ಮೂರನೆಯ ಸ್ಥಾನದಲ್ಲಿ ನಮ್ಮ ಶಿಷ್ಯೋತ್ತಮ 'ಫಾಲ್ಸ್' ಎಂದು ಬರೆದಿದ್ದ. ಹಾಗೆ ಬರೆದರೆ ಕೋರಿಕೆ ಸಿಂಕ್ರೊನಸ್ ಆಗುತ್ತದೆ; ಸರ್ವರಿನ ಉತ್ತರ ಬರುವವರೆಗೆ ಜಾವಾಸ್ಕ್ರಿಪ್ಟ್ ಮುಂದಿನ ಸಾಲಿಗೆ ಹೋಗದು. ಕ್ಲಿಕ್ಕಿಗೆ ಓಗೊಡುವುದೂ ಪುಟವನ್ನು ಹೊಸದಾಗಿ ಮೂಡಿಸುವುದೂ ಅದೇ ಥ್ರೆಡ್ಡಿನ ಕೆಲಸವಾದುದರಿಂದ ಎಲ್ಲವೂ ನಿಂತುಹೋಗುತ್ತದೆ.

"ಸರ್, ಹಾಗೆ ಬರೆದರೆ ಓದಲು ಸುಲಭ. ನನ್ನ ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಬರುತ್ತದೆ" ಎಂಬುದು ಅವನ ಸಮರ್ಥನೆ. ಯಾರಿಗಯ್ಯಾ ಸುಲಭ? ನಿನಗಿರುವ ವೇಗದ ಸಂಪರ್ಕ ನಮ್ಮ ಅಕ್ಕನಿಗಿದೆಯೇ?

ಭೂಗೋಳದ ಪಾಠದ ನಡುವೆ ನಕ್ಷೆ ತರಲು ನಾನು ಒಬ್ಬ ಹುಡುಗನನ್ನು ಆಫೀಸಿಗೆ ಕಳುಹಿಸುತ್ತಿದ್ದೆ. (ನಿಮ್ಮಲ್ಲಿ ಕೆಲವರು ದಾರಿಯಲ್ಲಿ ನೆಲ್ಲಿಕಾಯಿ ಕೀಳುತ್ತಿದ್ದುದು ನನಗೆ ಗೊತ್ತಿತ್ತು.) ಅವನು ಬರುವವರೆಗೆ ತರಗತಿಯನ್ನೆಲ್ಲ ಬಾಯಿಮುಚ್ಚಿ ಕೂರಿಸಲಿಲ್ಲ. ಪಾಠ ಸಾಗುತ್ತಿತ್ತು, ನಕ್ಷೆ ಬಂದಾಗ ತೂಗುಹಾಕುತ್ತಿದ್ದೆ. ಅಸಿಂಕ್ರೊನಸ್ ಎಂದರೆ ಇಷ್ಟೇ.

ಮೈಕ್ರೋಸಾಫ್ಟ್ 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಡನೆ ತಂದ ಈ ಸೌಲಭ್ಯವನ್ನು ಆಧರಿಸಿದ ವಿಧಾನಕ್ಕೆ ಜೆಸ್ಸಿ ಜೇಮ್ಸ್ ಗ್ಯಾರೆಟ್ 2005ರಲ್ಲಿ 'ಅಜಾಕ್ಸ್' ಎಂದು ಹೆಸರಿಟ್ಟರು. ಅದರ ಮೊದಲಕ್ಷರವೇ ಅಸಿಂಕ್ರೊನಸ್! 2014ರಲ್ಲಿ ಬಂದ ಫೈರ್‌ಫಾಕ್ಸ್ 30 ಮುಖ್ಯ ಥ್ರೆಡ್ಡಿನ ಸಿಂಕ್ರೊನಸ್ ಕೋರಿಕೆಯನ್ನು ತ್ಯಾಜ್ಯವೆಂದು ಘೋಷಿಸಿತು. ಇನ್ನೊಂದು ವಿಷಯ: ಪುಟದಲ್ಲಿ ಇಂಥ ಕೋರಿಕೆಗೆ ಟೈಮ್‌ಔಟ್ ಇಡಲೂ ಬಾರದು, ದೋಷವೆಂದು ತಿರಸ್ಕೃತವಾಗುತ್ತದೆ. ಎಷ್ಟು ಹೊತ್ತು ಕಾಯಬೇಕೆಂಬ ಗಡುವೂ ಇಲ್ಲದ ಕಾಯುವಿಕೆ ಅದು.

ಕಾಲ್‌ಬ್ಯಾಕುಗಳ ಗೋಜಲು ತಲೆ ತಿನ್ನುತ್ತಿತ್ತೆಂಬುದನ್ನು ಒಪ್ಪುತ್ತೇನೆ. ಆದರೆ 2017ರ ಜಾವಾಸ್ಕ್ರಿಪ್ಟ್ ಮಾನಕದಲ್ಲಿಯೇ 'ಅಸಿಂಕ್' 'ಅವೇಟ್' ಬಂದಿವೆ. 'ಫೆಚ್' ಜೊತೆಗೆ ಬಳಸಿದರೆ ನೀನು ಬಯಸುವ ಸಾಲುಸಾಲಿನ ಓದು ದೊರೆಯುತ್ತದೆ, ಪುಟವೂ ಜೀವಂತವಾಗಿರುತ್ತದೆ. ವರ್ಕರ್ ಒಳಗೆ ಸಿಂಕ್ರೊನಸ್ ಬಳಸುವೆಯಾದರೆ ನನ್ನ ತಕರಾರಿಲ್ಲ. ಅಲ್ಲಿ ಪುಟವನ್ನು ಅದು ತಡೆಯದು.

ಅಯ್ಯಾ, ಈ ಭಾನುವಾರದೊಳಗೆ ಅದನ್ನು ತಿದ್ದು. ತಿದ್ದಿದ ಮೇಲೆ ಅಕ್ಕನಿಗೆ ನೀನೇ ಫೋನು ಮಾಡು. ತಪ್ಪು ಅವಳದಲ್ಲವೆಂದು ನಾನು ಹೇಳಿದರೆ ನಂಬುತ್ತಿಲ್ಲ.